ಅರ್ಥಕ್ಕೆ ನೀರು

ಟಿ.ವಿ.ಗೆ ಯಾವ ಆಂಟೆನಾ ತಂದರೆ ಒಳ್ಳೆಯದೆಂದು ಮೊನ್ನೆ ಮೊಮ್ಮಗಳು ನನ್ನನ್ನು ಕೇಳಿದಳು. ಉತ್ತರಕ್ಕೆ ಕಾಯದೆ ತನಗೆ ತೋಚಿದ್ದನ್ನು ತಂದು ಮಾಳಿಗೆ ಹತ್ತಿದಳು, ಬಿಡಿ. ಆದರೆ ಈ ವಿಷಯದಲ್ಲಿ ನನಗೂ ಅಷ್ಟಿಷ್ಟು ಗೊತ್ತು. ಗೊತ್ತಾದದ್ದು ಮಾತ್ರ ಒಂದು ವಾರ ತಡವಾಗಿ.

ಅರವತ್ತರ ದಶಕದ ಮಾತು. ಮದುವೆಯಾಗಿ ದಾಂಡೇಲಿಗೆ ಬಂದಿದ್ದೆ. ಯಜಮಾನರಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ, ನಮಗೂ ಅತ್ತೆಗೂ ಸಾಲುಮನೆಯಲ್ಲಿ ಎರಡು ಕೋಣೆ. ಧಾರವಾಡದಲ್ಲಿದ್ದ ನನ್ನ ಅಕ್ಕ ಚೆನ್ನಾಗಿ ಹಾಡುತ್ತಿದ್ದಳು; ಅವಳ ಗಂಡನ ಮನೆಯವರಿಗೆ ಅದು ಹಿಡಿಸುತ್ತಿರಲಿಲ್ಲ. ಅಲ್ಲಿನ ರೇಡಿಯೋ ಕೇಂದ್ರದಿಂದ ಹಾಡಲು ಕರೆ ಬಂದಾಗ, ಒಂದೇ ಸಲ ಎಂದು ಹೇಳಿ ಒಪ್ಪಿದರು. ಆ ಒಂದು ಸಲಕ್ಕಾಗಿ ನಮ್ಮ ಮನೆಗೆ ರೇಡಿಯೋ ಬಂತು.

ರೇಡಿಯೋ ಕೊಳ್ಳುವುದಕ್ಕಿಂತ ಏರಿಯಲ್, ಅಂದರೆ ಆಗಿನ ಆಂಟೆನಾ, ಆರಿಸುವುದೇ ಕಷ್ಟವಾಯಿತು. ಹಳಿಯಾಳದ ಅಂಗಡಿಯವನು ಎರಡು ಬಗೆ ತೋರಿಸಿದ: ಕೋಣೆಯೊಳಗೆ ಗೋಡೆಗುಂಟ ಎಳೆಯುವ ತಂತಿ, ಹೊರಗೆ ಎರಡು ಬಿದಿರಿನ ಗಳಗಳ ನಡುವೆ ಬಿಗಿಯುವ ತಾಮ್ರದ ಜಾಳಿಗೆ ಪಟ್ಟಿ. ದೊಡ್ಡದೇ ಇರಲೆಂದು ಎರಡನೆಯದನ್ನು ತಂದೆವು. ಇನ್ನೊಂದು ತಂತಿಯನ್ನು ನೆಲದಲ್ಲಿ ಹೂಳಬೇಕು, ಅದಕ್ಕೆ ಅರ್ಥ್ ಎನ್ನುತ್ತಾರೆ, ಅಲ್ಲಿ ಮಣ್ಣು ಸದಾ ಹಸಿ ಇರಬೇಕು ಎಂದೂ ಅವನು ಹೇಳಿದ್ದ.

ಅತ್ತೆಗೆ ಕೇಳಿಸಿದ್ದು ಅರ್ಥ. ಹಾಡಿನ ಅರ್ಥ ಈ ತಂತಿಯಲ್ಲಿ ಬರುತ್ತದೆ, ಒಣಗಿದರೆ ಬರೀ ಸದ್ದು ಉಳಿಯುತ್ತದೆ ಎಂದು ತಿಳಿದರು. ದಿನಾ ತುಳಸಿಗೆ ನೀರು ಹಾಕಿ, ಅರ್ಥಕ್ಕೊಂದು ತಂಬಿಗೆ ಹಾಕುತ್ತಿದ್ದರು. ನಾಲ್ಕಕ್ಷರ ಕಲಿತ ಜಂಬದಲ್ಲಿ ನಾನು ಮರೆಯಲ್ಲಿ ನಗುತ್ತಿದ್ದೆ. ಆಗ ನಮ್ಮಿಬ್ಬರ ನಡುವೆ ಮಾತೂ ಕಡಿಮೆಯೇ.

ಅಕ್ಕ ಹಾಡುವ ದಿನ ಬಂತು. ಬೇಸಿಗೆಯ ಮಧ್ಯಾಹ್ನ, ಯಜಮಾನರು ಪಾಳಿಗೆ ಹೋಗಿದ್ದರು. ಗುಂಡಿ ತಿರುಗಿಸಿದರೆ ಬರೀ ಗೊರ್ರೆಂಬ ಸದ್ದು. ಅದರಡಿ ಯಾರೋ ಹಾಡುತ್ತಿದ್ದರು, ಹೆಂಗಸೋ ಗಂಡಸೋ ತಿಳಿಯಲಿಲ್ಲ. ಕಿಟಕಿಯಲ್ಲಿ ನೋಡಿದರೆ ಅತ್ತೆ ಆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು ತಂತಿಯ ಬುಡಕ್ಕೆ ನೀರು ಹಾಕುತ್ತಿದ್ದಾರೆ. ಒಳಗೆ ಬನ್ನಿರೆಂದು ಕರೆದೆ.

"ನಾ ಬಂದ್ರ ಅರ್ಥ ಒಣಗ್ತೈತಿ. ಹಾಡಾಕಿ ನಿಮ್ಮಕ್ಕ, ನೀ ಕೂತು ಕೇಳವ್ವಾ," ಎಂದರು. ನನ್ನನ್ನು ಅವರು ಅವ್ವಾ ಎಂದದ್ದು ಅದೇ ಮೊದಲು.

ಅರ್ಧ ಗಂಟೆ ಅವರು ಅಲ್ಲಿಂದ ಏಳಲಿಲ್ಲ, ರೇಡಿಯೋದ ಗೊರ್ರೆಂಬ ಸದ್ದೂ ನಿಲ್ಲಲಿಲ್ಲ. ಆಮೇಲೆ ಒಳಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದರು: "ಕೇಳಿಸ್ತೇನ?"

"ಕೇಳಿಸ್ತ್ರಿ ಅತ್ತಿ. ಛಂದ ಕೇಳಿಸ್ತು," ಎಂದೆ.

ತಪ್ಪು ನಮ್ಮದೇ. ಏರಿಯಲ್ಲನ್ನು ಕರೆಂಟಿನ ತಂತಿಗುಂಟ ಕಟ್ಟಿದ್ದೆವು; ಅದರ ಸದ್ದೇ ರೇಡಿಯೋಕ್ಕೆ ಬರುತ್ತಿತ್ತು. ಅದಕ್ಕೆ ಅಡ್ಡಲಾಗಿ ಕಟ್ಟಬೇಕಿತ್ತಂತೆ. ಮುಂದಿನ ವಾರ ಹಾಗೆ ಕಟ್ಟಿದಾಗ ಧಾರವಾಡ ಕೇಂದ್ರ, ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗಿ ಬಂತು. ಅಕ್ಕ ಮಾತ್ರ ಮತ್ತೆ ಹಾಡಲಿಲ್ಲ. ಹಾಡು ಕೇಳಿಸಿತೇ ಎಂದು ಕೇಳಿದ ಅವಳ ಪತ್ರಕ್ಕೂ ನಾನು ಅದೇ ಸುಳ್ಳನ್ನು ಬರೆದೆ.

ಅತ್ತೆ ಇದ್ದಷ್ಟು ಕಾಲ ಮನೆಗೆ ಬಂದವರಿಗೆಲ್ಲ ಆ ಹಾಡಿನ ಸುದ್ದಿ ಹೇಳಿದರು. ನಾನು ಪಕ್ಕದಲ್ಲಿ ನಿಂತು ಹೌದೆಂದೆ. ಈಗ ಅಕ್ಕನೂ ಇಲ್ಲ, ಅತ್ತೆಯೂ ಇಲ್ಲ.

ಮೊನ್ನೆ ಮಾಳಿಗೆಯಿಂದ ಮೊಮ್ಮಗಳು ಕೂಗಿ ಕೇಳಿದಳು, ಕೇಳಿಸ್ತೇನ ಅಜ್ಜಿ ಎಂದು. ನನ್ನೆದುರಿನ ಟಿ.ವಿ. ಮೂಕವಾಗಿ ಕೂತಿತ್ತು.

"ಇಲ್ಲವ್ವಾ, ಏನೂ ಕೇಳಿಸವಲ್ದು," ಎಂದೆ.

ಎಷ್ಟೋ ವರ್ಷಗಳ ಹಿಂದೆ ಆಡಬೇಕಿದ್ದ ಮಾತು. ಆಡಿದ ಮೇಲೆ ಅಳು ತಡೆಯಲಾಗಲಿಲ್ಲ.