ಸುಣ್ಣದ ನೀರು ಮತ್ತು ಮನೆಯಳಿಯ

ಮೆರಿದಾ ಎಂಬ ಊರಿನ ರುಸೆಲ್ ಚುಕ್, ಚಪ್ಪಲಿ ಅಂಗಡಿಯಲ್ಲಿ ಊರಿನವರ ಕಾಲು ಹಿಡಿದೇ ಬದುಕಿದವನು. ಯಾರ ಮೇಲೂ ದನಿ ಎತ್ತಿದವನಲ್ಲ. ಅವನು ಮನಸಾರೆ ಬೈಯುತ್ತಿದ್ದದ್ದು ನಲ್ಲಿ ನೀರನ್ನು ಮಾತ್ರ.

ಬೈಯದೆ ಇನ್ನೇನು ಮಾಡಿಯಾನು? ಊರು ಕೂತಿರುವುದೇ ಸುಣ್ಣಕಲ್ಲಿನ ಮೇಲೆ. ನೀರು ಬರುವಾಗ ಆ ಕಲ್ಲನ್ನೂ ಒಂದಿಷ್ಟು ಕರಗಿಸಿಕೊಂಡು ಮನೆಯೊಳಗೆ ಕಾಲಿಡುತ್ತದೆ. ಷವರಿನ ತೂತುಗಳೆಲ್ಲ ಕಟ್ಟಿಕೊಂಡು ಮೂರೇ ಎಳೆ ನೀರು ಉಳಿದಿತ್ತು: ಒಂದು ಗೋಡೆಗೆ, ಒಂದು ಟವೆಲ್ಲಿಗೆ, ಒಂದು ಅವನ ಕಿವಿಗೆ. ಸೋಪು ನೊರೆ ಬರುವ ಹೊತ್ತಿಗೆ ಸೋಪೇ ಸವೆದಿರುತ್ತಿತ್ತು. ಒಗೆದು ಒಣಗಿಸಿದ ಟವೆಲ್ಲನ್ನು ಮೂಲೆಯಲ್ಲಿ ನಿಲ್ಲಿಸಿದರೆ ನಿಂತುಕೊಳ್ಳುತ್ತಿತ್ತು. ಸೋಮವಾರ ಆ ಊರಿನಲ್ಲಿ ಎಲ್ಲರ ಮನೆಯಲ್ಲೂ ಹಂದಿಮಾಂಸದ ಜೊತೆ ಕಪ್ಪು ಬೀನ್ಸ್ ಕಾಳು. ಅವನ ಹೆಂಡತಿ ಲಾಂಡಿ ಭಾನುವಾರವೇ ಒಲೆಗೇರಿಸಿದರೂ ಸೋಮವಾರ ಮಧ್ಯಾಹ್ನ ಕಾಳು ಹಲ್ಲಿಗೆ ಸಿಕ್ಕಿ ಟಕ್ ಎನ್ನುತ್ತಿತ್ತು.

ಇಷ್ಟನ್ನೂ ಅವನು ಸಹಿಸಿಕೊಂಡಿದ್ದ. ಏಕೆಂದರೆ ಮನೆ ಅವನದಲ್ಲ, ಅತ್ತೆಯದು. ಅತ್ತೆ ದೊನ್ಯಾ ಎಲ್ಸಿ ಒಂದೇ ಮಾತಿನಲ್ಲಿ ಅಳಿಯನನ್ನು ಮತ್ತೆ ಮದುವೆಯ ದಿನದ ಬೆದರಿದ ಹುಡುಗನನ್ನಾಗಿ ಮಾಡಬಲ್ಲ ಹೆಂಗಸು. ಆ ಮನೆಯ ನೆಲವಂತೂ ಆಕೆಗೆ ದೇವರ ಸಮಾನ. ತೀರಿಹೋದ ಗಂಡ ದೋನ್ ಗಾಸ್ಪರ್ ಟೈಲ್ ಕಾರ್ಖಾನೆಯಲ್ಲಿದ್ದವರು. ಸಿಮೆಂಟಿಗೆ ಬಣ್ಣ ಕಲಸಿ, ಕೆಂಪು ಹೂವಿನ ಅಚ್ಚು ಹಾಕಿ, ಒಂದೊಂದೇ ಟೈಲನ್ನು ತಾವೇ ಮಾಡಿ ಕೂರಿಸಿದ್ದರು. ಹಿಂದಿನ ಜಗಲಿಯಲ್ಲಿ, ಬಟ್ಟೆ ಒಗೆಯುವ ತೊಟ್ಟಿಯ ಪಕ್ಕದ ಹೂವು ಅವರು ಕೂರಿಸಿದ ಕೊನೆಯದು. ಅದರ ಮೇಲೆಯೇ ತೊಟ್ಟಿಯ ನಲ್ಲಿ ತೊಟ್ಟಿಕ್ಕಿ ತೊಟ್ಟಿಕ್ಕಿ ರೊಟ್ಟಿಯಷ್ಟಗಲ ಬಿಳಿ ಹಕ್ಕಳೆ ಕಟ್ಟಿತ್ತು.

ಅಕ್ಟೋಬರ್ ಕೊನೆಗೆ, ಸತ್ತವರು ಮನೆಗೆ ಬರುವ ದಿನಗಳು ಹತ್ತಿರವಾದಾಗ, ಅತ್ತೆ ಆ ಹಕ್ಕಳೆಯನ್ನು ಕೋಲಿನಿಂದ ತಟ್ಟಿ ತೋರಿಸಿದರು.

"ಏನಪ್ಪಾ ಮಗನೇ, ಇದು ಹೀಗೇ ಇರುತ್ತಾ? ಮನೆ ಕೊಳಕಾಗಿದ್ರೆ ಬಂದ ಆತ್ಮಗಳೇ ಪೊರಕೆ ಹಿಡಿಬೇಕಾಗುತ್ತೆ, ಗೊತ್ತು ತಾನೆ? ನನ್ನ ಗಂಡ ಬದುಕಿದ್ದಾಗ ಮಂಡಿ ನೋಯಿಸ್ಕೊಂಡಿದ್ದು ಸಾಕು. ಸತ್ತ ಮೇಲೂ ಇಲ್ಲಿ ಕೂತು ಉಜ್ಜಬೇಕಾ?"

"ನಾನೇ ತೆಗೀತೀನಿ, ದೊನ್ಯಾ ಎಲ್ಸಿ," ಎಂದ ರುಸೆಲ್.

ಹುಳಿ ಕಿತ್ತಳೆ ಹಿಂಡಿದ, ಹಕ್ಕಳೆ ಕದಲಲಿಲ್ಲ. ವಿನೆಗರ್ ಹಾಕಿದ, ಜಗಲಿಯೆಲ್ಲ ಉಪ್ಪಿನಕಾಯಿ ವಾಸನೆ ಬಂತು, ಅಷ್ಟೇ. ರೇಗಿಹೋಗಿ, ಅತ್ತೆ ಚರ್ಚಿಗೆ ಹೋದ ಹೊತ್ತು ನೋಡಿ, ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದೇಬಿಟ್ಟ. ಬುಸ್ ಎಂದು ನೊರೆ ಎದ್ದಿತು. ಸೋಪಿನಿಂದ ಒಮ್ಮೆಯೂ ಕಾಣದಿದ್ದ ನೊರೆ! ಅವನಿಗೆ ಎಂಥ ಆನಂದವಾಯಿತೆಂದರೆ ಇನ್ನೊಂದಿಷ್ಟು ಸುರಿದ. ನೀರು ಹೊಯ್ದು ನೋಡಿದರೆ ಹಕ್ಕಳೆ ಮಾಯ. ಹೂವೂ ಮಾಯ. ಬೂದಿ ಬಣ್ಣದ ಒರಟು ಹೊಂಡವೊಂದು ಅವನನ್ನೇ ನೋಡುತ್ತಿತ್ತು.

ಲಾಂಡಿ ಬಂದು ಇಣುಕಿದಳು. "ಅಯ್ಯೋ ರುಸೆಲ್! ಸುಣ್ಣ ತಿನ್ನೋದು ಸಿಮೆಂಟನ್ನ ಬಿಡುತ್ತೇನೋ?"

"ಈಗ ಹೇಳ್ತೀಯಲ್ಲ!"

"ಅಮ್ಮ ನೋಡಿದ್ರೆ ನಿನ್ನ ಜೋಲಿ ಬೀದೀಲಿ ಕಟ್ಕೊಂಡು ಮಲಗ್ಬೇಕು ನೀನು."

ಅವನಿಗೂ ಅದೇ ಭಯ. ಸಂಜೆ ಅತ್ತೆ ಬರುವಷ್ಟರಲ್ಲಿ ಅವನು ತೊಟ್ಟಿಕ್ಕುವ ನಲ್ಲಿಯ ಮೂತಿಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಮೇಜೊಂದನ್ನು ಆ ಹೊಂಡದ ಮೇಲೆ ತಂದಿಟ್ಟು, ನೆಲ ಮುಟ್ಟುವಂತೆ ಕಸೂತಿ ಬಟ್ಟೆ ಹೊದಿಸಿದ್ದ.

"ಈ ಸಲ ಸತ್ತವರಿಗೆ ಎಡೆ ಇಡೋ ಪೂಜೆಮೇಜು ಇಲ್ಲೇ ಇರ್ಲಿ. ಮಾವನಿಗೆ ಜಗಲಿ ಗಾಳಿ ಅಂದ್ರೆ ಇಷ್ಟ ಅಲ್ವಾ?"

ಅತ್ತೆಯ ಕಣ್ಣು ಒದ್ದೆಯಾಯಿತು. "ನಿನಗೂ ಹೃದಯ ಇದೆ ಅಂತ ಇವತ್ತು ಗೊತ್ತಾಯ್ತು ನೋಡು."

ಮೇಣದಬತ್ತಿ, ಹೂವು, ಮಾವನ ಫೋಟೋ, ಬಾಳೆಲೆ ಸುತ್ತಿ ನೆಲದಡಿ ಸುಟ್ಟ ಜೋಳದ ಪಿಬ್, ಒಂದು ಲೋಟ ನೀರು. ಕ್ಯಾನಿನ ಶುದ್ಧ ನೀರು ಇಡಲು ಅತ್ತೆ ಒಪ್ಪಲಿಲ್ಲ. "ಅವರು ಜೀವಮಾನವಿಡೀ ಕುಡಿದಿದ್ದು ನಲ್ಲಿ ನೀರು. ಈಗ ರುಚಿ ಬದಲಾಯಿಸೋದು ಬೇಡ."

ಆತ್ಮಗಳು ನವೆಂಬರ್ ಕೊನೆಯವರೆಗೆ ಇರುತ್ತವೆ, ಮೇಜೂ ಇರುತ್ತದೆ. ಅಷ್ಟರಲ್ಲಿ ರುಸೆಲ್‌ಗೆ ಒಂದು ಉಪಾಯ ಹೊಳೆಯಿತು. ಹಕ್ಕಳೆ ಕಟ್ಟುವುದೇ ಈ ನೀರಿನ ಕಸುಬಲ್ಲವೇ? ಮತ್ತೆ ಕಟ್ಟಲಿ. ಹಳೆಯ ಹಕ್ಕಳೆ ವಾಪಸು ಬಂದರೆ ಹೊಂಡ ಮುಚ್ಚಿಹೋಗುತ್ತದೆ, ಉಜ್ಜಲಿಲ್ಲವೆಂದು ಬೈಸಿಕೊಂಡರಾಯಿತು. ದಿನಾ ಬೆಳಿಗ್ಗೆ ಮೇಜಿನ ಮುಂದೆ ಮಂಡಿಯೂರಿ, ಬಟ್ಟೆಯಡಿ ಕೈ ತೂರಿಸಿ, ಹೊಂಡಕ್ಕೆ ಒಂದೊಂದು ಚಮಚ ನೀರು ಬಿಟ್ಟ. ಮಂಡಿಯೂರುವುದು ಅವನಿಗೆ ಕಸುಬಿನ ಅಭ್ಯಾಸ. ಅತ್ತೆ ಬೇಲಿಯಾಚೆಯ ನೆರೆಯವಳಿಗೆ ಹೇಳುವುದು ಕೇಳಿಸುತ್ತಿತ್ತು: "ನನ್ನ ಅಳಿಯನ್ನ ನೋಡೇ. ಹೆತ್ತ ಮಗನೂ ಹೀಗೆ ಪ್ರಾರ್ಥನೆ ಮಾಡಲ್ಲ."

ಪ್ರಾರ್ಥನೆಯೇ ಆಗಿತ್ತದು. ಆದರೆ ನೀರು ಕೇಳಬೇಕಲ್ಲ! ಷವರನ್ನು ಕಟ್ಟಿದ ನೀರು, ಕಾಫಿ ಪಾತ್ರೆಯ ತಳದಲ್ಲಿ ಕಲ್ಲು ಬೆಳೆಸಿದ ನೀರು, ಬೇಕೆಂದು ಕೈಮುಗಿದು ಕರೆದರೆ ಒಂದು ಬಿಳಿ ಚುಕ್ಕೆಯನ್ನೂ ಬಿಡದೆ ಇಂಗಿಹೋಯಿತು. "ದರಿದ್ರದ್ದು, ಹಟಕ್ಕೇ ಹೀಗ್ಮಾಡ್ತಿದೆ," ಎಂದು ಹಲ್ಲು ಕಡಿದ. ಸುಣ್ಣ ಕಟ್ಟಿದ್ದು ಮೇಲಿನ ಲೋಟದಲ್ಲಿ ಮಾತ್ರ. ನೀರು ಆರಿದಂತೆಲ್ಲ ಗಾಜಿನೊಳಗೆ ಬಳೆಯಂತೆ ಬಿಳಿ ಗೆರೆ.

ತಿಂಗಳ ಕೊನೆಗೆ ಸತ್ತವರನ್ನು ಬೀಳ್ಕೊಟ್ಟು ಮೇಜು ಎತ್ತಿದರು. ಅತ್ತೆ ಬಗ್ಗಿ ನೋಡಿದರು. ರುಸೆಲ್ ಮನಸ್ಸಿನಲ್ಲೇ ಜೋಲಿ ಬಿಚ್ಚಿಕೊಂಡು ಹೊರಟಿದ್ದ.

"ಬಂದಿದ್ರು," ಎಂದರು ಅತ್ತೆ.

"ಯಾರಮ್ಮ?" ಎಂದಳು ಲಾಂಡಿ.

"ನಿಮ್ಮಪ್ಪ ಕಣೇ. ನೀರು ಕುಡಿದಿದಾರೆ, ಸುಣ್ಣ ಬೇಡ ಅಂತ ಲೋಟದಲ್ಲೇ ಬಿಟ್ಟಿದಾರೆ. ಇಲ್ಲಿ ಕೂತು ಉಜ್ಜಿದಾರೆ." ಕೋಲು ರುಸೆಲ್‌ನತ್ತ ತಿರುಗಿತು. "ಉಜ್ಜು ಅಂತ ನಿನಗೆ ಹೇಳಿದ್ದೆ. ನೀನು ಮೇಜು ಎಳೆದು ಮುಚ್ಚಿಟ್ಟೆ! ಮೇಲಿಂದ ಮೇಲೆ ಪ್ರಾರ್ಥನೆ ಬೇರೆ! ಪಾಪ, ಕತ್ತಲಲ್ಲಿ ಕಣ್ಣು ಕಾಣದೆ ಹೂವನ್ನೂ ಉಜ್ಜಿ ಹಾಕಿದಾರೆ ಮನುಷ್ಯ. ನಾಚಿಕೆ ಆಗಲ್ವಾ, ಸೋಮಾರಿ?"

ರುಸೆಲ್ ಬಾಯಿ ತೆರೆದ. ಲಾಂಡಿ ಅವನ ಕಾಲು ತುಳಿದಳು. ಬಾಯಿ ಮುಚ್ಚಿಕೊಂಡ.

"ತಪ್ಪಾಯ್ತು, ದೊನ್ಯಾ ಎಲ್ಸಿ."

ಅಂದೇ ಅವನ ಕೈಗೆ ಬ್ರಷ್ಷು ಬಂತು. ಮಾವ ಇನ್ನೊಂದು ಹೂವಿಗೆ ಕೈ ಹಾಕಬಾರದೆಂದು ಜಗಲಿಯ ಒಂದೊಂದು ಟೈಲನ್ನೂ ವಾರಕ್ಕೊಮ್ಮೆ ಉಜ್ಜುವ ಕೆಲಸ ಅಳಿಯನ ಪಾಲಿಗೆ ಬಿತ್ತು. ಆ ಹೊಂಡವನ್ನು ನೋಡಲು ಬೀದಿಯ ಹೆಂಗಸರು ಬರುತ್ತಾರೆ, ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ, ಆಮೇಲೆ ಬ್ರಷ್ಷು ಹಿಡಿದು ಕೂತ ರುಸೆಲ್‌ನನ್ನು ನೋಡಿ ತಲೆಯಾಡಿಸುತ್ತಾರೆ. ತೊಟ್ಟಿಯ ನಲ್ಲಿ ಈಗ ಸ್ವಲ್ಪ ಪಕ್ಕಕ್ಕೆ ತೊಟ್ಟಿಕ್ಕುತ್ತದೆ. ಅಲ್ಲಿಯ ಹೂವಿನ ಮೇಲೆ, ಯಾರೂ ಬೇಡಿಕೊಳ್ಳದೆಯೇ, ಬಿಳಿ ಚುಕ್ಕೆಯೊಂದು ಆಗಲೇ ಮೂಡಿದೆ.