ಗಿರಿಜಾಬಾಯಿಯವರ ‘ಕಡಿಮಿ’

ಮೂರು ವರ್ಷದ ಹಿಂದಿನ ಬೇಸಿಗೆ. ಪುಣೆಯಲ್ಲಿ ಏರ್ ಕಂಡಿಷನರ್ ಮಾರಿ, ರಿಪೇರಿ ಮಾಡುವ ಕಂಪನಿಯೊಂದರ ಹಡಪಸರ ಶಾಖೆಯಲ್ಲಿ ನಾನು ಸರ್ವಿಸ್ ಇನ್‌ಚಾರ್ಜ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಧಾರವಾಡದಲ್ಲಿ ಐಟಿಐ ಮುಗಿಸಿ ಈ ಊರಿಗೆ ಬಂದವನು ನಾನು. ಮೂವತ್ತೊಂದು ವರ್ಷ ಜನರ ಮನೆಯ ಗೋಡೆ ಕೊರೆದು, ಏಣಿ ಹತ್ತಿ, ಫಿಲ್ಟರಿನ ಧೂಳು ತಿಂದು ಹೊಟ್ಟೆ ಹೊರೆದಿದ್ದೇನೆ. ಮಷಿನ್ ಕೆಟ್ಟು ಬರುವ ದೂರುಗಳಿಗಿಂತ ಮಷಿನ್ ತಿಳಿಯದೆ ಬರುವ ದೂರುಗಳೇ ಹೆಚ್ಚು ಎಂದು ಆಫೀಸಿನಲ್ಲಿ ಎಲ್ಲರೆದುರು ಹೇಳಿ ನಗುತ್ತಿದ್ದೆ. ನಗುವುದಕ್ಕೆ ಕಾರಣವೂ ಇತ್ತು.

ಎಸಿಯೊಳಗೆ ಥರ್ಮೋಸ್ಟಾಟ್ ಎಂಬ ಒಂದು ಭಾಗ ಇರುತ್ತದೆ. ಕೋಣೆಯ ಗಾಳಿ ಎಷ್ಟು ಬಿಸಿಯಿದೆ ಎಂದು ನೋಡುತ್ತಾ ಇರುವುದು ಅದರ ಕೆಲಸ. ನಾವು ರಿಮೋಟಿನಲ್ಲಿ ಇಟ್ಟ ಅಂಕಿಗೆ ಗಾಳಿ ಬಂದು ಮುಟ್ಟಿದೊಡನೆ ಅದು ಕಂಪ್ರೆಸರ್ ನಿಲ್ಲಿಸುತ್ತದೆ, ಕೋಣೆ ಮತ್ತೆ ಬಿಸಿಯಾದರೆ ಚಾಲೂ ಮಾಡುತ್ತದೆ. ಇಷ್ಟೇ. ಜನ ಮಾತ್ರ ಅದನ್ನು ಗ್ಯಾಸ್ ಒಲೆಯ ನಾಬ್ ಎಂದು ತಿಳಿದಿದ್ದಾರೆ. ಹದಿನಾರಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಎನ್ನುತ್ತಾರೆ. ಹಳೆಯ ನಮೂನೆಯ ಮಷಿನ್ ಹದಿನಾರಕ್ಕಿಟ್ಟರೂ ಅದೇ ವೇಗ, ಇಪ್ಪತ್ನಾಲ್ಕಕ್ಕಿಟ್ಟರೂ ಅದೇ ವೇಗ. ಹದಿನಾರಕ್ಕಿಟ್ಟರೆ ನಿಲ್ಲುವುದು ತಡ, ಅಷ್ಟೇ. ವಿಮಾನ ನಗರದ ಒಬ್ಬ ಗೃಹಸ್ಥರು ಡಿಸೆಂಬರಿನಲ್ಲಿ ಎಸಿಯನ್ನು ಮೂವತ್ತಕ್ಕೆ ಇಟ್ಟು, ಬಿಸಿ ಗಾಳಿ ಯಾಕೆ ಬರುತ್ತಿಲ್ಲ ಎಂದು ನನ್ನ ಜೊತೆ ಜಗಳಕ್ಕೇ ನಿಂತಿದ್ದರು. ಇಂಥವರಿಗೆ ಹೇಳಿ ಹೇಳಿ ನನ್ನದು ಒಂದು ಭಾಷಣವೇ ತಯಾರಾಗಿತ್ತು. ಏಣಿಯ ಮೇಲೆ ನಿಂತೇ ಕೊಡುತ್ತಿದ್ದೆ.

ಏಪ್ರಿಲ್ ಎರಡನೇ ವಾರದಲ್ಲಿ ಒಂದು ದೂರು ಬಂತು. ಕೂಲಿಂಗ್ ಇಲ್ಲ, ಮನೆಯಲ್ಲಿ ಪೇಷಂಟ್ ಇದ್ದಾರೆ, ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯುವುದಿಲ್ಲ, ಕನ್ನಡ ಬಲ್ಲವರನ್ನು ಕಳಿಸಿದರೆ ಉಪಕಾರವಾಗುತ್ತದೆ ಎಂದು ಬರೆದಿತ್ತು. ಶಾಖೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಹೀಗಾಗಿ ನಾನೇ ಹೊರಟೆ.

ಮೂರನೇ ಮಹಡಿಯ ಫ್ಲ್ಯಾಟ್. ಬಾಗಿಲು ತೆರೆದವರು ಮಲ್ಲಿಕಾರ್ಜುನ, ಐವತ್ತೈದರ ಆಸುಪಾಸಿನವರು. ಬೈಲಹೊಂಗಲದ ಕಡೆಯವರು, ಹಡಪಸರದಲ್ಲಿ ಪಾತ್ರೆ ಅಂಗಡಿ. ಮಂಚದ ಮೇಲೆ ಅವರ ಹೆಂಡತಿ ಗಿರಿಜಾಬಾಯಿ. ಫೆಬ್ರುವರಿಯಲ್ಲಿ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಇಪ್ಪತ್ತೈದು ವರ್ಷ ಅಂಗಡಿಯ ಗಲ್ಲಾದ ಮೇಲೆ ಕೂತು ಮರಾಠಿಯಲ್ಲಿ ಗಿರಾಕಿಗಳ ಬಾಯಿ ಮುಚ್ಚಿಸಿದ ಹೆಂಗಸಿಗೆ ಈಗ ಮರಾಠಿ ಪೂರ್ತಿ ಅಳಿಸಿಹೋಗಿತ್ತು. ಕನ್ನಡದಲ್ಲಿ ಉಳಿದಿದ್ದು ಎರಡೇ ಮಾತು. ಒಂದು ‘ಅಯ್ಯ’, ಇನ್ನೊಂದು ‘ಕಡಿಮಿ’. ಬೇರೆಯವರು ಹೇಳಿದ್ದು ಮಾತ್ರ ಅವರಿಗೆ ತಿಳಿಯುತ್ತದೆ, ತಲೆಯಾಡಿಸಿ ಉತ್ತರ ಕೊಡುತ್ತಾರೆ ಎಂದು ಮಲ್ಲಿಕಾರ್ಜುನ ಹೇಳಿದರು.

“ಎಸಿ ಕಡಿ ನೋಡ್ತಾಳ್ರಿ, ಕಡಿಮಿ ಅಂತಾಳ. ತಂಪು ಕಡಿಮಿ ಆಗೇದಂತ. ಕಡಿಮಿ ಮಾಡ್ಲೇನು ಅಂತ ಕೇಳಿದ್ರ ಹೂಂ ಅಂತ ಗೋಣು ಹಾಕ್ತಾಳ. ಹದಿನಾರಕ್ಕ ಇಟ್ಟೇನ್ರಿ. ಇನ್ನೂ ಕಡಿಮಿ ಅಂತ ಅಳ್ತಾಳ.”

ಹಗಲು ನೋಡಿಕೊಳ್ಳಲು ಸುನಂದಾ ಮಾವಶಿ ಎಂಬ ಮರಾಠಿ ಹೆಂಗಸು ಇದ್ದರು. ಆ ಬಿಸಿಲುಗಾಲದಲ್ಲಿ ಅವರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಅದನ್ನು ನೋಡಿ ನನಗೆ ನಗು ಬಂತು. ಕೂಲಿಂಗ್ ಸರಿಯಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡೆ. ಆದರೂ ನಿಯಮದಂತೆ ಥರ್ಮಾಮೀಟರಿನ ಪ್ರೋಬ್, ಅಂದರೆ ವೈರಿನ ತುದಿಯಲ್ಲಿರುವ ಉಷ್ಣತೆ ಅಳೆಯುವ ಕಡ್ಡಿಯನ್ನು, ಗಾಳಿ ಹೊರಬರುವ ಜಾಗದಲ್ಲಿ ಹಿಡಿದೆ. ಹನ್ನೆರಡು ಡಿಗ್ರಿ. ಗ್ಯಾಸ್ ಪ್ರೆಶರ್ ಸರಿಯಿತ್ತು, ಫಿಲ್ಟರ್ ಸ್ವಚ್ಛವಿತ್ತು. ಮಷಿನ್ ಚೊಲೋ ಅದರಿ ಎಂದು ಹೇಳಿ, ನನ್ನ ಭಾಷಣ ಒಪ್ಪಿಸಿ, ಇಪ್ಪತ್ತೆರಡಕ್ಕೆ ಇಟ್ಟು ಬಂದೆ.

ಆರು ದಿನಕ್ಕೆ ಮತ್ತೆ ಅದೇ ದೂರು. ಹೋದಾಗ ಎಸಿ ಹದಿನಾರಕ್ಕೇ ಇತ್ತು. ನಾನು ಹೋದ ದಿನ ಸಂಜೆಯೇ ಗಿರಿಜಾಬಾಯಿ ‘ಕಡಿಮಿ’ ಎಂದಿದ್ದರು, ಗಂಡ ಕೇಳಿದ್ದರು, ಅವರು ಗೋಣು ಹಾಕಿದ್ದರು, ಅಂಕಿ ಮತ್ತೆ ಕೆಳಗಿಳಿದಿತ್ತು. ಹಗಲಿನಲ್ಲಿ ಮಾವಶಿಯೂ ಇದನ್ನೇ ಮಾಡುತ್ತಿದ್ದರು. ಕಡಿಮಿ ಎಂದರೆ ಮರಾಠಿಯ ‘ಕಮೀ’ ಎಂದು ಮಲ್ಲಿಕಾರ್ಜುನ ಅವರಿಗೆ ಹೇಳಿಕೊಟ್ಟಿದ್ದರು. “ಕಮೀ ಮ್ಹಣಜೇ ಕಮೀಚ್ ನಾ, ಸಾಹೇಬ!” ಎಂದರು ಮಾವಶಿ. ಕಡಿಮೆ ಎಂದರೆ ಕಡಿಮೆಯೇ ಅಲ್ಲವೇ, ಅದರಲ್ಲಿ ತಿಳಿಯದ್ದೇನಿದೆ ಎಂಬ ಧಾಟಿ.

ಮಲ್ಲಿಕಾರ್ಜುನ ಹೆಂಡತಿಯ ಎಡಗೈ ತೋರಿಸಿದರು. ಹೊದಿಸಿದ ತೆಳ್ಳನೆಯ ಚಾದರವನ್ನು ಆ ಕೈ ಮುಷ್ಟಿ ಕಟ್ಟಿ ಹಿಡಿದಿತ್ತು. “ಸೆಕಿ ಆಗ್ತದಂತ ಚಾದರ ತಗೀಲಿಕ್ಕ ಹೋದ್ರ ಬಿಡಂಗಿಲ್ರಿ. ಲಕ್ವಾದಾಗ ಹಂಗ ಕೈ ಸೆಟೀತದಂತ ಯಾರೋ ಹೇಳಿದ್ರು” ಎಂದರು.

ನನಗೆ ಹೊರಗೆ ಇನ್ನೂ ನಾಲ್ಕು ಮನೆ ಬಾಕಿ ಇದ್ದವು, ತಲೆ ಕಾದಿತ್ತು. ರೋಗಿಯ ಸಮಾಧಾನಕ್ಕೆ ಏನಾದರೂ ಮಾಡಿದಂತೆ ಕಾಣಲಿ ಎಂದು ಏಣಿ ಹತ್ತಿ, ಗಾಳಿಯ ದಿಕ್ಕು ತಿರುಗಿಸುವ ಫ್ಲ್ಯಾಪನ್ನು ಕೆಳಕ್ಕೆ ಇಳಿಸಿದೆ. ಗಾಳಿ ನೇರವಾಗಿ ಮಂಚದ ಮೇಲೆ ಬೀಳುವಂತಾಯಿತು. ಗಿರಿಜಾಬಾಯಿ ನನ್ನನ್ನೇ ನೋಡಿ “ಕಡಿಮಿ” ಎಂದರು. ಕಣ್ಣಲ್ಲಿ ನೀರಿತ್ತು. ನಾನು ಏಣಿಯ ಮೇಲಿಂದಲೇ, “ಅಕ್ಕಾರ, ಇದಕಿಂತ ಕಡಿಮಿ ಬೇಕಂದ್ರ ಮಹಾಬಳೇಶ್ವರದ ಗುಡ್ಡಕ್ಕ ಹೋಗಬೇಕ್ರಿ!” ಎಂದೆ. ಮಲ್ಲಿಕಾರ್ಜುನ ಬಹಳ ದಿನದ ಮೇಲೆ ನಕ್ಕವರಂತೆ ನಕ್ಕರು. ಮಾವಶಿಗೆ ಮರಾಠಿಯಲ್ಲಿ ಹೇಳಿದಾಗ ಅವರೂ ನಕ್ಕರು. ಆ ಮಾತು ನೆನಪಾದಾಗೆಲ್ಲ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಒಂಬತ್ತು ದಿನದ ಮೇಲೆ ಮೂರನೇ ಸಲ ಕರೆ ಬಂತು. ಈ ಮಷಿನ್ ತೆಗೆದು ದೊಡ್ಡದು, ಎರಡು ಟನ್ನಿನದು ಹಾಕಿಕೊಡಿ ಎಂದು ಮಲ್ಲಿಕಾರ್ಜುನ ಗೋಗರೆದರು. ಮುಖ ಇಳಿದುಹೋಗಿತ್ತು. ದಿನವಿಡೀ ಅಂಗಡಿಯ ಸೆಕೆಯಲ್ಲಿ ಬೆವರಿ ಬರುವ ಮನುಷ್ಯ, ಈ ಕೋಣೆಗೆ ಕಾಲಿಟ್ಟರೆ ಅವರಿಗೆ ಹಿತವಾಗುತ್ತಿತ್ತು. ತನಗೇ ಇಷ್ಟು ಸೆಕೆಯಾದರೆ ಮಲಗಿದಲ್ಲೇ ಮಲಗಿದವಳಿಗೆ ಎಷ್ಟಾಗುತ್ತಿರಬೇಡ ಎಂಬುದು ಅವರ ಲೆಕ್ಕ. ತಲೆದಿಂಬಿನ ಪಕ್ಕ ಜೇಜುರಿಯ ಖಂಡೋಬಾ ಗುಡಿಯ ಭಂಡಾರದ, ಅಂದರೆ ಪ್ರಸಾದದ ಅರಿಶಿನ ಪುಡಿಯ, ಪೊಟ್ಟಣ ಇತ್ತು. ಅಂಗಡಿ ಮುಚ್ಚಿ ಹೋಗಿ ಹರಕೆ ಹೊತ್ತು ಬಂದಿದ್ದರು.

ದೊಡ್ಡ ಮಷಿನ್ ಬೇಕು ಎಂದು ಬರೆದುಕೊಡುವ ಮೊದಲು ಕೋಣೆಯ ನಾಲ್ಕಾರು ಕಡೆ ಉಷ್ಣತೆ ಅಳೆಯಬೇಕು. ಅದು ನಿಯಮ. ಮಲ್ಲಿಕಾರ್ಜುನ ಚಹಾ ಮಾಡಲು ಒಳಗೆ ಹೋಗಿದ್ದರು. ಬಾಗಿಲ ಹತ್ತಿರ ಅಳೆದೆ, ಕಿಟಕಿಯ ಹತ್ತಿರ ಅಳೆದೆ, ಕೊನೆಗೆ ಪ್ರೋಬನ್ನು ದಿಂಬಿನ ಪಕ್ಕ ಇಟ್ಟೆ. ಹದಿನೈದು ಎಂದು ತೋರಿಸಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ಗಿರಿಜಾಬಾಯಿಯವರ ಎಡಗೈ ಚಾದರ ಬಿಟ್ಟು ನನ್ನ ಬೆರಳು ಹಿಡಿಯಿತು.

ಕೈ ಮಂಜುಗಡ್ಡೆಯಂತಿತ್ತು. ಬಲಗೈ ತಣ್ಣಗಿದ್ದರೆ ಬಿದ್ದುಹೋದ ಕೈ ಎನ್ನಬಹುದಿತ್ತು. ಮಲ್ಲಿಕಾರ್ಜುನ ದಿನವೂ ಕೂರುತ್ತಿದ್ದುದು ಆ ಬಲಗಡೆಯೇ, ಹಿಡಿದುಕೊಳ್ಳುತ್ತಿದ್ದುದು ಆ ಕೈಯನ್ನೇ, ಅದು ತಣ್ಣಗಿರುತ್ತದೆ ಎಂದು ಡಾಕ್ಟರರು ಮೊದಲೇ ಹೇಳಿದ್ದರಂತೆ. ಇದು ಗಟ್ಟಿಯಾಗಿದ್ದ ಕೈ. ಅವರು ನನ್ನನ್ನು ನೋಡುತ್ತಿರಲಿಲ್ಲ, ಮೇಲೆ ಫ್ಲ್ಯಾಪನ್ನು ನೋಡಿ “ಕಡಿಮಿ” ಎಂದರು.

“ಅಕ್ಕಾರ, ನಿಮಗ ಥಂಡಿ ಹತ್ತೇದೇನ್ರಿ?” ಎಂದು ಕೇಳಿದೆ.

ಆ ಮಾತನ್ನು ಅಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಅವರು ಗೋಣು ಹಾಕಿದರು, ನಿಲ್ಲಿಸದೆ ಹಾಕುತ್ತಲೇ ಇದ್ದರು. ಆಮೇಲೆ ಬಾಯಿ ಸೊಟ್ಟ ಮಾಡಿಕೊಂಡು ದನಿ ಎತ್ತಿ ಅತ್ತರು. ನಾನು ಎಸಿ ಬಂದ್ ಮಾಡಿ, ಕಿಟಕಿ ತೆಗೆದು, ಮಾವಶಿ ತಂದುಕೊಟ್ಟ ಎರಡು ರಗ್ಗು ಹೊದಿಸಿದೆ.

ಎಸಿ ಕಡಿಮೆ ಮಾಡಿ ಎಂದರೆ ತಂಪು ಕಡಿಮೆ ಮಾಡಿ ಎಂದೂ ಆಗುತ್ತದೆ, ಅಂಕಿ ಕಡಿಮೆ ಮಾಡಿ ಎಂದೂ ಆಗುತ್ತದೆ. ಒಂದರಿಂದ ಕೋಣೆ ಬೆಚ್ಚಗಾಗುತ್ತದೆ, ಇನ್ನೊಂದರಿಂದ ಕೊರೆಯುತ್ತದೆ. ಮನೆಮನೆಯಲ್ಲೂ ಗಂಡ ಹೆಂಡತಿ ಈ ಒಂದು ಮಾತಿಗೆ ಕಿತ್ತಾಡುವುದನ್ನು ನಾನು ಸಾವಿರ ಸಲ ಕೇಳಿದ್ದೆ. ಆದರೆ ಅವರಿಗೆ ಬಾಯಿಯಿತ್ತು. ಅದಲ್ಲ ಇದು ಎಂದು ಬೈದು ರಿಮೋಟ್ ಕಸಿದುಕೊಳ್ಳುತ್ತಿದ್ದರು. ಗಿರಿಜಾಬಾಯಿ ಸರಿಯಾದ ಮಾತನ್ನೇ ಆಡುತ್ತಿದ್ದರು. ಕಡಿಮಿ ಮಾಡ್ಲೇನು ಎಂದು ಗಂಡ ಕೇಳಿದಾಗ ಸರಿಯಾಗಿಯೇ ಗೋಣು ಹಾಕುತ್ತಿದ್ದರು. ಕನ್ನಡ ಗೊತ್ತಿದೆ ಎಂದೇ ನನ್ನನ್ನು ಆ ಮನೆಗೆ ಕರೆಸಿದ್ದರು. ನಾನು ಹೋಗಿ ಕೇಳಿಸಿಕೊಂಡದ್ದು ಮಷಿನ್ನಿನ ಸದ್ದನ್ನು.

ಚಹಾದ ಕಪ್ಪು ಹಿಡಿದು ಬಂದ ಮಲ್ಲಿಕಾರ್ಜುನ ಬಾಗಿಲಲ್ಲೇ ನಿಂತರು. “ಬಂದ್ ಯಾಕ ಮಾಡೀರಿ, ದೇಸಾಯ್ರ? ಅಕಿಗೆ ಸೆಕಿ ಆಗ್ತದ…”

ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಕಪ್ಪನ್ನು ನೆಲದ ಮೇಲೆ ಇಟ್ಟು ಮಂಚದ ಎಡಗಡೆಗೆ ಹೋದರು, ಕೈ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: “ಕೇಳಿ ಕೇಳೇ ಮಾಡೇನ್ರಿ ನಾ. ದಿನಾ ಹತ್ತ ಸಲ ಕೇಳೇನಿ. ಅಕಿ ಹೂಂ ಅಂದ ಮ್ಯಾಲೇ ಬಟನ್ ಒತ್ತೇನಿ.”

ಅಂದಿನಿಂದ ಎಸಿ ಇಪ್ಪತ್ತೇಳಕ್ಕಿತ್ತು, ಬೇಕಾದಾಗ ಮಾತ್ರ. ಎರಡು ಸಲ ಫೋನ್ ಮಾಡಿ ವಿಚಾರಿಸಿದೆ. ಅಳು ನಿಂತಿದೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ ಎಂದರು. ಎರಡನೆಯ ಸಲ ಇನ್ನೊಂದು ಮಾತು ಸೇರಿಸಿದರು: “ಈಗ ಅಕಿ ಏನಂದ್ರೂ ನನಗ ಅಂಜಿಕಿ ಬರ್ತದ್ರಿ. ನಿನ್ನೆ ಕಡಿಮಿ ಅಂದ್ಲು. ಎಸಿ ಬಂದ್, ಫ್ಯಾನ್ ಬಂದ್, ರಗ್ಗು ಹೊಚ್ಚಿದೆ. ನೋಡಿದ್ರ ಅಕಿ ಹೇಳಿದ್ದು ಟಿವಿ ಆವಾಜಿಗೆ.” ನಗುತ್ತಾರೆ ಎಂದು ನಾನು ಕಾದೆ. ಅವರು ನಗಲಿಲ್ಲ.

ನಾನು ಎಸಿ ಬಂದ್ ಮಾಡಿದ ಹದಿನಾರನೆಯ ದಿನ ಗಿರಿಜಾಬಾಯಿಗೆ ಎರಡನೇ ಸಲ ಲಕ್ವಾ ಹೊಡೆಯಿತು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ತಂಪಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದರು. ಅದನ್ನು ನಾನು ನಂಬುತ್ತೇನೆ, ಮಲ್ಲಿಕಾರ್ಜುನ ಕೂಡ ನಂಬಿದ್ದರು. ಅವರನ್ನು ಕೊರೆಯುತ್ತಿದ್ದುದು ಬೇರೆ.

ತಿಥಿಕರ್ಮ ಮುಗಿದ ಮೇಲೆ ಎಸಿ ತೆಗೆದುಕೊಂಡು ಹೋಗಲು ಹೇಳಿ ಕಳಿಸಿದರು. ಬೇರೆಯವರನ್ನು ಕಳಿಸಬಹುದಿತ್ತು, ಮನಸ್ಸಾಗಲಿಲ್ಲ, ನಾನೇ ಹೋದೆ. ಮಂಚ ಗೋಡೆಗೆ ಸರಿದಿತ್ತು. ನಾನು ಏಣಿ ಹತ್ತಿ ಸ್ಕ್ರೂ ಬಿಚ್ಚುತ್ತಿದ್ದೆ, ಅವರು ಕೆಳಗೆ ಏಣಿ ಹಿಡಿದು ನಿಂತಿದ್ದರು.

“ದೇಸಾಯ್ರ, ಒಂದ ಮಾತು ಕೇಳ್ತೇನಿ. ಅಕಿ ಏನ್ ಅನ್ಕೊಂಡಿರಬಹುದ್ರಿ? ಥಂಡಿ ಆಗ್ತದ, ಕಡಿಮಿ ಮಾಡು ಅಂತಾಳ. ಗಂಡ ಮಾಡ್ತೇನಿ ಅಂತಾನ, ಮಾರಿ ನೋಡಕೋತ ಇನ್ನಷ್ಟು ಥಂಡಿ ಮಾಡ್ತಾನ. ಬೇಕಂತ ಮಾಡಾಕತ್ತಾನ ಅಂತ ತಿಳ್ಕೊಂಡಿದ್ಲೇನ್ರಿ?”

“ಛೇ, ಇಲ್ರಿ. ಹಂಗ್ಯಾಕ ತಿಳ್ಕೋತಾರ.”

“ನಿಮಗ ಹೆಂಗ ಗೊತ್ತು? ಕಡೀ ಹದಿನಾರ ದಿನ ಅಕೀನ್ನ ಕೇಳಬೇಕಂತ ಎಷ್ಟೋ ಸಲ ಬಾಯಿ ತಗದೇನಿ. ಹೂಂ ಅಂತ ಗೋಣು ಹಾಕಿದ್ರ ಏನ್ ಮಾಡ್ಲಿ ಅಂತ ಅಂಜಿ ಬಿಟ್ಟೇನ್ರಿ.”

ಮಷಿನ್ ಕೆಳಗಿಳಿಸಿ, ಗೋಡೆಯ ತೂತಿಗೆ ಸಿಮೆಂಟ್ ತುಂಬಿ ಬಂದೆ.

ನಿವೃತ್ತಿಯ ಮೊದಲು ಹೊಸ ಟೆಕ್ನಿಷಿಯನ್‌ಗಳಿಗೆ ಪಾಠ ಮಾಡುವಾಗ ನಾನು ಹೇಳುತ್ತಿದ್ದುದು ಇಷ್ಟು. ಗಿರಾಕಿಗೆ ಎಷ್ಟು ಇಡಲಿ ಎಂದು ಕೇಳಬೇಡಿ, ಹೆಚ್ಚು ಮಾಡಲೋ ಕಡಿಮೆ ಮಾಡಲೋ ಎಂದೂ ಕೇಳಬೇಡಿ. ಚಳಿಯೋ ಸೆಕೆಯೋ ಎಂದು ಕೇಳಿ. ಪ್ರೋಬನ್ನು ಮಷಿನ್ನಿನ ಬಾಯಿಗೆ ಹಿಡಿಯುವ ಮೊದಲು ಮನುಷ್ಯ ಮಲಗುವ ಜಾಗದಲ್ಲಿ ಇಡಿ. ಮಷಿನ್ ಸರಿಯಿದೆ ಎಂಬ ಉತ್ತರ ಸಿಕ್ಕಿದರೆ ಕೆಲಸ ಮುಗಿಯಿತು ಎಂದು ತಿಳಿಯಬೇಡಿ. ಅವರು ಬರೆದುಕೊಳ್ಳುತ್ತಿದ್ದರು.

ಒಂದು ಸಂಗತಿಯನ್ನು ಮಾತ್ರ ಅವರಿಗೆ ಹೇಳಲಿಲ್ಲ. ಮಲ್ಲಿಕಾರ್ಜುನ ತಪ್ಪಾಗಿಯಾದರೂ ದಿನಕ್ಕೆ ಹತ್ತು ಸಲ ಹೆಂಡತಿಯನ್ನು ಕೇಳಿದ್ದರು. ನಾನು ಮೊದಲ ಎರಡು ಸಲ ಹೋದಾಗ ಒಮ್ಮೆಯೂ ಕೇಳಿರಲಿಲ್ಲ, ಫ್ಲ್ಯಾಪ್ ತಿರುಗಿಸಿ ಆ ಗಾಳಿಯನ್ನು ಅವರ ಮೈಮೇಲೆ ಬಿಟ್ಟವನೂ ನಾನೇ. ಮಲ್ಲಿಕಾರ್ಜುನ ಅದನ್ನು ಮರೆತೇಬಿಟ್ಟಿದ್ದರು. ಏಣಿ ಹಿಡಿದು ನಿಂತು ಅವರು ತಮ್ಮನ್ನು ಮಾತ್ರ ಬೈದುಕೊಳ್ಳುತ್ತಿದ್ದರು. ನಾನು ಏಣಿಯ ಮೇಲಿದ್ದೆ, ನೆನಪು ಮಾಡಿಕೊಡಬಹುದಿತ್ತು. ಮಾಡಲಿಲ್ಲ. ನನ್ನ ಪಾಲಿನ ತಪ್ಪನ್ನೂ ಅವರೇ ಹೊತ್ತುಕೊಂಡು ಇಂದಿಗೂ ಆ ಅಂಗಡಿಯಲ್ಲಿ ಕೂತಿದ್ದಾರೆ.