ಆರು ವರ್ಷ ಕುರಿ ಕಾಲಿಡದ ಕಣಿವೆ

ನನ್ನ ಅತ್ತೆ ಯಂಜ್ಮಾ ಗೋಬಿ ಮರುಭೂಮಿಯ ಅಂಚಿನ ಈ ಹುಲ್ಲುಗಾವಲಲ್ಲೇ ಹುಟ್ಟಿ, ಇಲ್ಲೇ ಕುರಿ ಕಾದು ಮುದುಕಿಯಾದವರು. ಹಾಲಿನ ರುಚಿ ನೋಡಿ ಮಂದೆ ಯಾವ ಇಳಿಜಾರಲ್ಲಿ ಮೇಯ್ದಿದೆ ಎಂದು ಹೇಳಬಲ್ಲರು. ಹಟವೂ ಅಷ್ಟೇ, ಹಿಡಿದರೆ ಉಡದ ಪಟ್ಟು.

ಮಾವ ಕಪ್ಪುಗುಡ್ಡದ ಹಿಂದಿನ ಕಣಿವೆಯಲ್ಲಿ ಕುದುರೆಯಿಂದ ಬಿದ್ದು ಸತ್ತರು. ಮನುಷ್ಯ ಸತ್ತ ಜಾಗದಲ್ಲಿ ಗುಡಾರ ಹಾಕಬಾರದು ಎಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಮಾತು. ಅತ್ತೆ ಆ ಕಟ್ಟಳೆಯನ್ನು ಕುರಿಗಳ ಮೇಲೂ ಹೇರಿದರು. ಆರು ವರ್ಷ ಒಂದು ಮರಿಯೂ ಒಳಗೆ ಹೋಗದಂತೆ ಶಿಳ್ಳೆ ಹಾಕಿ ತಿರುಗಿಸಿದರು, ತಾವೂ ಕಾಲಿಡಲಿಲ್ಲ. ಚಳಿಗಾಲಕ್ಕೆ ನಮಗಿದ್ದ ಒಳ್ಳೆಯ ಮೇವಿನ ಜಾಗ ಅದೊಂದೇ. ಚಳಿಗಾಲವೆಲ್ಲ ಮಂದೆ ಬಾವಿಯ ಸುತ್ತಲೇ ಮೇಯ್ದು ನೆಲ ಬೋಳಾಯಿತು. ಈ ಸಲ ಹಿಮ ಬೀಳುವ ಮೊದಲೇ ಕುರಿಗಳ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಹೀಗೇ ಬಿಟ್ಟರೆ ವಸಂತಕ್ಕೆ ಅರ್ಧ ಮಂದೆ ಉಳಿಯದು.

“ಅತ್ತೆ, ಇನ್ನಾದ್ರೂ ಕಣಿವೆಗೆ ಬಿಡೋಣ,” ಅಂದೆ.

“ಹುಲ್ಲು ಮಂಡಿವರೆಗೂ ನಿಂತಿದೆ ಕಣೆ. ಅದು ನಿಮ್ಮಾವನ ಪಾಲು. ತುಳಿಸಿ ಹಾಳ್ಮಾಡ್ಲಾ?”

“ಎತ್ತರ ಇದ್ರೆ ಆಯ್ತಾ? ಬುಡದಲ್ಲಿ ಏನಿದೆ ಅಂತ ಯಾರು ನೋಡಿದಾರೆ?”

ಆ ಪ್ರಶ್ನೆ ಅವರನ್ನು ಕೊರೆಯಿತು. ಮರುದಿನ ಬೆಳಗ್ಗೆ ಉಪ್ಪು ಚಹಾವನ್ನು ಅರ್ಧಕ್ಕೇ ಬಿಟ್ಟು, ಕುರಿ ಕಟ್ಟುವ ಹಗ್ಗ ಹಿಡಿದು ಎದ್ದರು. ಬಾವಿಯ ಬಳಿ ಹಗ್ಗವನ್ನು ನೆಲದ ಮೇಲೆ ದುಂಡಗೆ ಹರಡಿ, ಮಂಡಿಯೂರಿ ಒಳಗಿನ ಗಿಡಗಳನ್ನು ಎಣಿಸಿದರು. ನಾಲ್ಕೇ ಜಾತಿ, ಅದರಲ್ಲೂ ಮೂರು ಜಾತಿ ಕುರಿಗಳು ಮೂಸದ ಕಹಿ. ಮಂದೆ ವರ್ಷಕ್ಕೆರಡು ಸಲ ಮೇಯ್ದು ದಾಟಿಹೋಗುವ ಇಳಿಜಾರಲ್ಲಿ ಅದೇ ಹಗ್ಗದೊಳಗೆ ಹದಿನೇಳು! ಕುರಿಗಳಿಗೆ ಪ್ರಿಯವಾದ ಕಾಡು ಈರುಳ್ಳಿಯಲ್ಲೇ ಎರಡು ಬಗೆ. ಅತ್ತೆಗೆ ಮಂಡಿನೋವೂ ಮರೆತುಹೋಯಿತು.

ಕಣಿವೆಯ ಬಾಯಲ್ಲಿ ಮಾತ್ರ ನಿಂತು ಹಗ್ಗವನ್ನು ನನ್ನತ್ತ ಎಸೆದರು. “ನೀನು ಹೋಗು. ಸುಳ್ಳು ಲೆಕ್ಕ ಹೇಳಿದ್ಯೋ, ನೋಡ್ಕೋ!”

ಒಳಗೆ ಹುಲ್ಲಿನ ಬುಡದಲ್ಲಿ ಆರು ವರ್ಷದ ಒಣಕಲು ಬೂದುಬಣ್ಣದ ಚಾಪೆಯಾಗಿ ಬಿದ್ದಿತ್ತು. ಎತ್ತಿ ನೋಡಿದರೆ ಹೆಚ್ಚುಪಾಲು ಬರೀ ಮಣ್ಣು. ಹಗ್ಗ ಹರಡಿ ಎಣಿಸಿದೆ.

“ಐದು!” ಎಂದು ಕೂಗಿದೆ.

“ಇನ್ನೊಂದ್ಸಲ ಎಣಿಸೆ!”

“ಐದೇ ಅತ್ತೆ. ಈರುಳ್ಳಿ ಒಂದೂ ಇಲ್ಲ.”

“ಕಾಪಾಡ್ತೀನಿ ಅಂತ ಹೋಗಿ ಉಸಿರು ಕಟ್ಟಿಸ್ಬಿಟ್ನಲ್ಲೇ,” ಅಂದರು ಅತ್ತೆ. ವರ್ಷಗಟ್ಟಲೆ ಅವರ ಮೇಲೆ ಉರಿಯುತ್ತಿದ್ದ ನಾನು ಹಗ್ಗ ಸುತ್ತಿಕೊಂಡು ಬಂದು ಅವರ ಪಕ್ಕ ನಿಂತೆ.

“ಮಂದೆ ಹೊಡ್ಕೊಂಡು ಬಾ. ಈ ಚಳಿಗಾಲ ಇವು ನಿಂತಿರೋ ಹುಲ್ಲು ತಿನ್ಲಿ, ಒಣಕಲು ತುಳಿದು ಮುರೀಲಿ. ಬೇಸಿಗೇಲಿ ಏನೇನು ಮೊಳೆಯುತ್ತೋ ಎಣಿಸೋಣ,” ಎಂದರು.

ಹೊಡೆದುಕೊಂಡು ಬಂದೆ. ಕಣಿವೆಯ ಬಾಯಿಗೆ ಬಂದ ಮಂದೆ ಗಕ್ಕನೆ ನಿಂತುಬಿಟ್ಟಿತು. ಗದರಿದೆ, ಕಲ್ಲೆಸೆದೆ, ಕುರಿಗಳ ಮುಂದೆ ನಡೆಯುವ ಹೋತವನ್ನು ಕೊಂಬು ಹಿಡಿದು ಎಳೆದೆ. ಒಂದೂ ಕದಲಲಿಲ್ಲ. ಆರು ವರ್ಷದ ಶಿಳ್ಳೆ ಅಷ್ಟು ಚೆನ್ನಾಗಿ ಪಾಠ ಕಲಿಸಿತ್ತು.

“ನಾನು ಮುಂದೆ ನಡೀತೀನಿ, ಹಿಂದೆ ಬರ್ತವೆ,” ಅಂದೆ.

“ಬೇಡ. ಬೇಡ ಅಂದೋಳು ನಾನು. ನಾನೇ ಕರೀಬೇಕು.”

ಅತ್ತೆ ಒಳಗೆ ಹೆಜ್ಜೆಯಿಟ್ಟರು. ಹೋತ ಅವರ ಹಿಂದೆ ಹೊರಟಿತು, ಅದರ ಹಿಂದೆ ಮಂದೆ. ಮಾವ ಬಿದ್ದ ಜಾಗ ಬಂದಾಗ ಅವರು ಒಮ್ಮೆ ನೆಲ ನೋಡಿದರು. ಆದರೆ ಅವರು ನಿಲ್ಲಲಿಲ್ಲ. ನಿಂತಿದ್ದರೆ ಮಂದೆಯೂ ನಿಲ್ಲುತ್ತಿತ್ತು.